ಅಟ್ಟದ ಪಾರಿವಾಳಗಳು

ಬಲೆಗೆ ಎರಡು ಸಾವಿರ ಪೌಂಡ್. ಮೊದಲ ಹಿಮದ ಭಾರಕ್ಕೇ ಹರಿಯಿತು. ಗೋಡೆಯಂಚಿನ ಉಕ್ಕಿನ ಮುಳ್ಳುಗಳಿಗೆ ಆರುನೂರು. ಮುಳ್ಳುಗಳ ಮೇಲೆ ಮಂಜುಗಡ್ಡೆ ಕಟ್ಟಿತು, ಪಾರಿವಾಳಗಳು ಅದರ ಮೇಲೇ ಕುಳಿತವು. ಗಿಡುಗ ತಂದವನಿಗೆ ದಿನಕ್ಕೆ ನೂರೈವತ್ತು. ಆ ಚಳಿಗೆ ಗಿಡುಗ ಅವನ ಕೈಬಿಟ್ಟು ಮೇಲೇಳಲಿಲ್ಲ. ವಿಷಕ್ಕೆ ಒಂಬತ್ತು ಪೌಂಡ್. ಅಕ್ಕಿ ಮನೆಯದೇ.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಮೇಲಿನ ಗುಡ್ಡದಲ್ಲಿ ಹಳೆಯ ಉಣ್ಣೆ ಗಿರಣಿ ಕೊಂಡು ಸಾಫ್ಟ್‌ವೇರ್ ಆಫೀಸು ಮಾಡಿದ್ದ ರಂಗನಾಥ. ಚಾವಣಿಯ ಸಂದಿನಿಂದ ಮೇಜುಗಳ ಮೇಲೆ ಹಿಕ್ಕೆ ಉದುರುತ್ತಿತ್ತು. ತಿಂಗಳ ಕೊನೆಗೆ ಬ್ಯಾಂಕಿನವರು ನೋಡಲು ಬರುವವರಿದ್ದರು. ಅವರು ಮೂಗು ಮುಚ್ಚಿಕೊಂಡರೆ ಮಾರ್ಟ್‌ಗೇಜ್ ಹೋಯಿತು. ಅಟ್ಟದ ಗಾಳಿಕಿಂಡಿಗಳಿಗೆಲ್ಲ ತಾನೇ ಹಲಗೆ ಹೊಡೆದ. ಒಳಗೆ ಸಿಕ್ಕಿಬಿದ್ದವಕ್ಕೆ ವಿಷದನ್ನ.

ಕಾನೂನು ಒಪ್ಪದ ಕೆಲಸ, ಹೊರಗಿನವರಿಗೆ ವಹಿಸುವಂತಿಲ್ಲ. ಹೆಂಡತಿ ರಾಜೇಶ್ವರಿ ಬೆಳಿಗ್ಗೆ ಅನ್ನ ಕಲಸಿ, ಮುಖ ತಿರುಗಿಸಿಕೊಂಡು ಡಬ್ಬಿ ಕೊಡುತ್ತಿದ್ದಳು.

"ಎರಡು ಚಮಚ ಹಾಕಿದೀಯಾ?"

"ಹಾಕೋದನ್ನ ಹಾಕಿದೀನ್ರೀ. ತಗೊಂಡ್ ಹೋಗಿ."

ಮೂರನೆಯ ದಿನ ಹಕ್ಕಿಗಳು ಬೀಳತೊಡಗಿದವು. ಆಫೀಸಿಗೆಲ್ಲ ಬಿಸಿ ಕೊಡುವ, ಅಟ್ಟದ ಗ್ಯಾಸ್ ಬಾಯ್ಲರ್ ಸುತ್ತ, ಬೆಚ್ಚಗಿದ್ದ ಕಡೆಯೇ ಹೆಚ್ಚು. ಇನ್ನೂ ರೆಕ್ಕೆ ಬಡಿಯುತ್ತಿದ್ದವನ್ನು ರಂಗನಾಥ ಸಲಿಕೆಯಿಂದ ಹೊಡೆದ. ಒಂದೇಟಿಗೆ ಸಾಯದಿದ್ದರೆ ಎರಡು. ಎಲುಬು ಮುರಿಯುವ ಸದ್ದು ಹಿತವೆನಿಸತೊಡಗಿತು. ಐದು ಚೀಲ ತುಂಬಿದವು. ಕೆಳಗಿಳಿಯುವಾಗ ತಲೆ ಸಿಡಿಯುತ್ತಿತ್ತು, ನಾತಕ್ಕೆ ಅಂದುಕೊಂಡ.

ಕೆಳಗೆ ಅಭಿರಾಮ್ ಎಂಬ ಹುಡುಗ ಕೀಬೋರ್ಡಿನ ಮೇಲೆ ತಲೆಯಿಟ್ಟಿದ್ದ. ಬೆಳಿಗ್ಗೆ ಎರಡು ಸಲ ವಾಂತಿಯಾಗಿತ್ತು.

"ಏನಪ್ಪಾ, ವೀಕೆಂಡಿನದ್ದು ಇನ್ನೂ ಇಳಿದಿಲ್ವಾ?"

"ನಾನು ಕುಡಿಯಲ್ಲ ಸಾರ್. ಒಂದು ಕಿಟಕಿ ತೆಗೀಲಾ?"

"ಹೀಟಿಂಗ್ ಬಿಲ್ ನೀನು ಕಟ್ತೀಯಾ?"

ಶುಕ್ರವಾರ ಹಿಮ ಬಿರುಸಾಯಿತು. ಬಾಯ್ಲರನ್ನು ಪೂರ್ತಿ ಏರಿಸಿ, ಬಾಗಿಲೆಳೆದುಕೊಂಡು ರಂಗನಾಥ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದ.

"ಒಂದೂ ಉಳಿದಿಲ್ಲ ಕಣೇ. ಎಲ್ಲಾ ನಿನ್ನ ಕೈಗುಣ."

ರಾಜೇಶ್ವರಿಯ ಕೈಯ ಸೌಟು ಅರ್ಧದಲ್ಲೇ ನಿಂತಿತು.

"ಸತ್ವಾ? ಹೇಗ್ರೀ ಸಾಯ್ತವೆ? ಅನ್ನಕ್ಕೆ ವಿಷ ಕಲಸೋಕೆ ನನ್ನ ಕೈ ಬರಲಿಲ್ಲ. ದಿನಾ ಕೊಟ್ಟಿದ್ದು ಬರೀ ಮೊಸರನ್ನ. ನಿಮ್ಮ ಪ್ಯಾಕೆಟ್ ಗ್ಯಾರೇಜಲ್ಲಿದೆ ನೋಡಿ, ಒಡೆದೇ ಇಲ್ಲ."

ಅವನು ಗುಡ್ಡ ಹತ್ತಿ ಹಲಗೆಗಳನ್ನು ಕೀಳುವಷ್ಟರಲ್ಲಿ, ಹೊರಹೋಗಲು ದಾರಿಯಿಲ್ಲದ ಬಾಯ್ಲರಿನ ವಿಷಗಾಳಿ ಕೆಳಗಿನ ಮಹಡಿಗೆ ಇಳಿದಿತ್ತು. ಅಲ್ಲಿ ಕೆಲಸದಲ್ಲಿದ್ದ ಒಂಬತ್ತು ಜನರಲ್ಲಿ ಎಂಟು ಜನ ಬದುಕಿದರು, ಅಭಿರಾಮ್ ಬದುಕಲಿಲ್ಲ.