ಬಾಗಿಲು ನೋಡು

“ಅಜ್ಜಿ, ನಿಮ್ಮ ಮನೆ ಪಕ್ಕದ ರಾಜ್ಯದಲ್ಲಿದೆ. ಇಲ್ಲಿ ನಿಮಗೆ ಓಟಿಲ್ಲ,” ಎಂದು ಗುಮಾಸ್ತೆ ಶಾಂಡೀನ್ ಅರ್ಜಿಯನ್ನು ಹಿಂದಕ್ಕೆ ಸರಿಸಿದಳು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಅಂದೇ ಕೊನೆಯ ದಿನ.

ಅಜ್ಜಿ ಗ್ಲೆನಾಬಾ ಕುರ್ಚಿಯಿಂದ ಜಗ್ಗಲಿಲ್ಲ. “ಎಂಬತ್ತು ವರ್ಷದಿಂದ ಅಲ್ಲೇ ಇದೀನಿ. ಮನೆ ಯಾವಾಗ ಗಡಿ ದಾಟ್ತು ಮಗಳೇ? ಕುರಿಗಳನ್ನೂ ಹೊಡ್ಕೊಂಡು ಹೋಯ್ತಾ?”

ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಸೀಮೆಯ ಮನೆಗಳಿಗೆ ಬೀದಿಯೂ ಇಲ್ಲ, ನಂಬರೂ ಇಲ್ಲ. ವಿಳಾಸದ ಜಾಗದಲ್ಲಿ ನಕ್ಷೆ ಬರೆಯಬೇಕು. ಅಜ್ಜಿ ಹೆದ್ದಾರಿಗಳ ಕೂಡುರಸ್ತೆ, ಗಾಳಿಯಂತ್ರ, ಕುರಿದೊಡ್ಡಿ ಎಲ್ಲವನ್ನೂ ಬರೆದು, ಮನೆಯನ್ನು ಕೂಡುರಸ್ತೆಯ ಮೇಲ್ಗಡೆ ಇಟ್ಟಿದ್ದಳು. ನಕ್ಷೆಯಲ್ಲಿ ಮೇಲೆ ಎಂದರೆ ಉತ್ತರ. ಕೂಡುರಸ್ತೆಯ ಉತ್ತರಕ್ಕೆ ರಾಜ್ಯದ ಗಡಿ.

“ನೀವೇ ಬರೆದಿದ್ದಲ್ವಾ ಅಜ್ಜಿ?”

“ನಾನೇ. ಸರಿಯಾಗೇ ಬರ್ದಿದೀನಿ. ಬಾಗಿಲು ನೋಡು.” ಅಜ್ಜಿ ಬೆರಳೆತ್ತಲಿಲ್ಲ, ಹಿರಿಯರ ರೂಢಿಯಂತೆ ತುಟಿ ಚಾಚಿ ತೋರಿಸಿದಳು.

ಬಾಗಿಲು ಹಾಳೆಯ ಮೇಲಂಚಿಗೆ ಮುಖ ಮಾಡಿತ್ತು. ಪೇಟೆಯಲ್ಲಿ ಬೆಳೆದಿದ್ದರೂ ಶಾಂಡೀನ್ ನವಾಹೋ ಹುಡುಗಿಯೇ. ತಮ್ಮವರ ಮನೆಬಾಗಿಲು ಸೂರ್ಯ ಹುಟ್ಟುವ ಕಡೆಗಲ್ಲದೆ ಬೇರೆಲ್ಲಿಗೆ ತೆರೆದೀತು? ಅಜ್ಜಿಯ ಹಾಳೆಯಲ್ಲಿ ಮೇಲಿದ್ದದ್ದು ಉತ್ತರವಲ್ಲ, ಪೂರ್ವ. ಅವಳು ಹಾಳೆಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದಳು. ಮನೆ ತೆಪ್ಪಗೆ ಬಂದು ಜಿಲ್ಲೆಯೊಳಗೆ ಕೂತಿತು.

“ಬಂತಾ ವಾಪಸ್ಸು?”

“ಬಂತು ಅಜ್ಜಿ. ಕುರಿ ಸಮೇತ.”

ಶಾಂಡೀನ್ ಅರ್ಜಿಗೆ ಮುದ್ರೆ ಒತ್ತಿದಳು. ಆಮೇಲೆ ಮೇಜಿನ ಕೆಳಗಿದ್ದ, ತಿರಸ್ಕರಿಸಿದ ಅರ್ಜಿಗಳ ಪೆಟ್ಟಿಗೆಯನ್ನು ಎಳೆದುಕೊಂಡು, ಮೊದಲನೆಯದನ್ನು ತೆಗೆದು ಬಲಕ್ಕೆ ತಿರುಗಿಸಿದಳು.