ಹೊಳೆಯಾಚೆಯ ಇಟ್ಟಿಗೆ

ಯುದ್ಧದಲ್ಲಿ ಬಿದ್ದ ಮನೆಗಳ ಇಟ್ಟಿಗೆಗಳು ಬೆಳಗಿನ ಮಂಜಿನಲ್ಲಿ ತಾವು ಕೊನೆಗೆ ಕೇಳಿದ್ದನ್ನು ನುಡಿಯುತ್ತವೆ. ಈ ದಡದ ಇಟ್ಟಿಗೆ ಆ ದಡದ ಮನೆಗೆ, ಅಲ್ಲಿಯದು ಇಲ್ಲಿಗೆ ಎಂಬುದು ಸಂಧಾನದ ಕರಾರು. ಗೋಡೆಗೆ ಗಾರೆ ಬಳಿಯುವವರೆಗೆ ಮಾತ್ರ ವಾಪಸು ಕೇಳಬಹುದು.

ಸತ್ತ ಗಂಡನ ದನಿಯನ್ನು ಮರಳಿ ತರಲು ಉಳಿ ಹಿಡಿದು ಹೊಳೆ ದಾಟಿದೆ. ಬಿದ್ದ ನಮ್ಮ ಮನೆಯ ಇಟ್ಟಿಗೆ ಸೇರಿದ್ದು ನೀಲಗಂಗವ್ವ ಎಂಬ ಮುದುಕಿಯ ಮನೆಗೆ.

“ಬರ್ತೀನಿ,” ಎಂದಿತು ಗೋಡೆ. ಅವನದೇ ದನಿ.

“ಇದು ನಿಂದೇನವಾ? ಯಾರೋ ಬೀಗರು ಬರ್ತಾರಂತ ಮೂರು ದಿನ ರೊಟ್ಟಿ ಹೆಚ್ಚಿಗಿ ಬಡದೆ ನೋಡು,” ಮುದುಕಿ ನಕ್ಕಳು. “ಆಮ್ಯಾಲೆ ತಿಳೀತು, ಅಂವ ಬರಾಂವಲ್ಲ, ಹೊಂಟಾಂವ. ಈಗ ದಿನಾ ‘ಹುಷಾರಪಾ, ಹೋಗಿ ಬಾ’ ಅಂತೀನಿ. ಅವತ್ತು ನೀ ಏನಂದಿದ್ದಿ?”

ಜಗಳವಾಡಿದ್ದ ನಾನು ಅಂದು ಮುಖ ತಿರುಗಿಸಿ ಕೂತಿದ್ದೆ.

ಉಳಿಯನ್ನು ಕೆಳಗಿಟ್ಟು, ಗಾರೆ ಕಲಸಲು ನೀರು ಕೇಳಿದೆ.