ಮುಂಗಡ ಬುತ್ತಿ

ಮಗಳ ರಕ್ತ ‘ಒಲ್ಲೆ’ ಎಂದದ್ದು ಬೆಳಿಗ್ಗೆ. ಎದೆಯಲ್ಲಿ ಮಿಡಿತ ಸರಿಪಡಿಸುವ ಯಂತ್ರ ಕೂರಿಸಿದರೂ ಸೋತ ಹೃದಯ ಸುಧಾರಿಸುವುದಿಲ್ಲ ಎಂದು ಪರೀಕ್ಷೆಗೆ ಕೊಟ್ಟ ಒಂದು ಹನಿ ರಕ್ತ ಹೇಳಿಬಿಟ್ಟರೆ, ನಮ್ಮ ಊರಿನಲ್ಲಿ ಯಾವ ಡಾಕ್ಟರೂ ಯಂತ್ರ ಮುಟ್ಟುವುದಿಲ್ಲ. ಮಧ್ಯಾಹ್ನಕ್ಕೇ ಗಂಡನ ತಂಗಿ ಗಂಗವ್ವ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಳು, ಸಾವಿನ ಮನೆಗೆ ಒಯ್ಯುವಂಥದ್ದು. ಈಗೆಲ್ಲ ಹೀಗೇ. ರಕ್ತ ಒಲ್ಲೆ ಎಂದ ಮನೆಗೆ ಮಂದಿ ಮೊದಲೇ ಬಂದು ಅತ್ತು ಹೋಗುತ್ತಾರೆ. ಸತ್ತಾಗ ಮತ್ತೆ ಬರುವ ತಾಪತ್ರಯವಿಲ್ಲ.

ನಾನು ಮಗಳ ತಲೆ ಬಾಚುತ್ತಿದ್ದೆ. ಗಂಗವ್ವ ಅವಳ ಎದುರಿಗೇ ಕೂತು ಸೆರಗಿನಿಂದ ಒಣ ಕಣ್ಣು ಒರೆಸಿಕೊಂಡಳು.

“ಭಾಳ ಛಲೋ ಹುಡುಗಿ ಇದ್ದಳ್ರೀ ವೈನಿ.”

“ಇನ್ನೂ ಇದ್ದೀನಿ ಅತ್ತಿ,” ಎಂದಳು ಮಗಳು ಶಾಂಭವಿ, ಗಂಗವ್ವನ ಗಂಡನನ್ನು ನೆನೆಸಿಕೊಂಡು. “ಮಾಮಾನ ರಕ್ತ ಹೂಂ ಅಂದಿತ್ತಲ್ಲ, ಯಂತ್ರಾನೂ ಹಾಕಿದ್ರು. ಮತ್ತ ತಿಂಗಳದಾಗ ಯಾಕ ಹೋದ್ರು?”

“ರಕ್ತ ಖರೇನ ಹೇಳಿತ್ತವ್ವಾ. ಅವರ ಹೃದಯಾನ ತಪ್ಪು ಮಾಡ್ತು.”

ಬೆಳಿಗ್ಗೆ ಡಾಕ್ಟರೂ ಇದೇ ಧಾಟಿಯಲ್ಲಿ ಮಾತಾಡಿದ್ದರು. ಕೋಟು ಹಾಕಿಕೊಂಡ ಗಂಗವ್ವ, ಅಷ್ಟೇ. ಜಡೆ ಹೆಣೆದು ಮುಗಿಸಿ ಮಗಳ ಚಪ್ಪಲಿ ತಂದಿಟ್ಟೆ.

“ನಡಿ ಕೂಸ, ಆಸ್ಪತ್ರಿಗೆ ಹೋಗೂಣು. ಯಂತ್ರ ಹಾಕಿ ನೋಡೂತನಕ ಆ ಡಾಕ್ಟರ ಬಾಗಲದಾಗಿಂದ ನಾ ಏಳೂದಿಲ್ಲ.”

ಗಂಗವ್ವ ನಿಜವಾಗಿ ಗಾಬರಿಯಾದದ್ದು ಆಗಲೇ.

“ಅಯ್ಯ! ಈಕಿ ಬದುಕಿದ್ರ ಆ ರಕ್ತದ ಮರ್ಯಾದಿ ಏನಾಗಬೇಕ್ರೀ ವೈನಿ?”